ಸಭೆಯ ಜಮಖಾನೆ, ಮಾಳಪ್ಪನ ಕಂಬಳಿ

ನಾನು ಒಂದು ಜಮಖಾನೆ. ಹನ್ನೆರಡು ಮೊಳ ಉದ್ದ, ಆರು ಮೊಳ ಅಗಲ. ನನಗೆ ತಗುಲಿದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಬೆಲೆ ಗೊತ್ತಿಲ್ಲದ ವಸ್ತುವಿನ ಮಾತನ್ನು ಜನ ಅರ್ಧ ಕಿವಿಯಲ್ಲಿ ಕೇಳುತ್ತಾರೆ. ಹತ್ತಿಯ ನೂಲಿಗೆ ನಾಲ್ಕು ರೂಪಾಯಿ. ಕೆಂಪು, ನೀಲಿ, ಹಳದಿ ಬಣ್ಣಕ್ಕೆ ಒಂದು ರೂಪಾಯಿ ಹನ್ನೆರಡಾಣೆ. ಬಣ್ಣ ಕುದಿಸಲು ಕಟ್ಟಿಗೆ ಆರಾಣೆ. ಇಬ್ಬರು ಹೆಂಗಸರ ಎರಡೂವರೆ ತಿಂಗಳ ದುಡಿಮೆ. ಇದಕ್ಕೆ ಆಗ ಯಾರೂ ಬೆಲೆ ಕಟ್ಟಲಿಲ್ಲ, ಈಗ ನಾನು ಕಟ್ಟಿ ಪ್ರಯೋಜನವಿಲ್ಲ. ಮಾರಾಟವಾದದ್ದು ಹದಿನಾಲ್ಕು ರೂಪಾಯಿಗೆ.

ಹುಟ್ಟಿದ್ದು ನವಲಗುಂದದ ಒಂದು ಸಣ್ಣ ಕೋಣೆಯಲ್ಲಿ. ಗೋಡೆಗೆ ಎದುರಾಗಿ ನಿಲ್ಲಿಸಿದ ಮಗ್ಗದ ಮುಂದೆ ಅತ್ತೆ ಖಾಜಾಬಿ ಒಂದು ತುದಿಗೆ, ಸೊಸೆ ಹುಸೇನಬಿ ಇನ್ನೊಂದು ತುದಿಗೆ ಕೂತು ನನ್ನನ್ನು ನೇಯ್ದರು. ಎಳೆ ಹಾಕುವುದು, ಕಬ್ಬಿಣದ ಪಂಜಾದಿಂದ ಬಡಿದು ಕೂರಿಸುವುದು, ಮತ್ತೆ ಎಳೆ. ಖಾಜಾಬಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಅವರನ್ನು ಮಗ್ಗದ ಹತ್ತಿರ ಬಿಡುತ್ತಿರಲಿಲ್ಲ. ಮಗಳು ಕಲಿತರೆ ಕಸುಬು ಅವಳ ಸಂಗಡ ಗಂಡನ ಮನೆಗೆ ಹೋಗುತ್ತದೆ, ಸೊಸೆ ಕಲಿತರೆ ಮನೆಯಲ್ಲೇ ಉಳಿಯುತ್ತದೆ ಎಂಬುದು ಅವಳ ಲೆಕ್ಕ.

"ಬಡಿ, ಇನ್ನೂ ಬಡಿ," ಎಂದು ಅವಳು ಸೊಸೆಯನ್ನು ಗದರುತ್ತಿದ್ದಳು. "ಇದರ ಮ್ಯಾಲ ಯಾರ್ಯಾರು ಬಂದು ಕೂಡ್ತಾರೋ ಯಾಂವ ಬಲ್ಲ. ಸಡಲ ಬಿಟ್ಟರ ಹೆಸರು ಕೆಡೂದು ನಮ್ಮದು."

ಸೊಸೆ ಬಡಿದಳು. ನಾನು ಇಷ್ಟು ವರ್ಷ ಬಾಳಿದ್ದು ಆ ಬಡಿತದಿಂದ.

ನನ್ನನ್ನು ಕೊಂಡವರು ಬೆಳವನಹಾಳದ ವಕೀಲ ಬಿಂದೂರಾಯರು. ಧಾತು ಸಂವತ್ಸರದ ದೊಡ್ಡ ಬರ ಕಳೆದು ಎಂಟೊಂಬತ್ತು ವರ್ಷವಾಗಿತ್ತು. ಬೆಳವನಹಾಳ ತಾಲೂಕಿನ ಊರು; ಕಚೇರಿ, ಹತ್ತಿ ಪೇಟೆ, ಒಂದು ಮಠ, ಊರ ಪಡುವಣಕ್ಕೆ ಕರಿಗುಡ್ಡ. ಸರಕಾರಕ್ಕೆ ಜನರ ಕಷ್ಟ ತಿಳಿಸಲು ಊರೂರಿಗೆ ಸಭೆಗಳು ಏಳುತ್ತಿದ್ದ ಕಾಲ ಅದು. ಬಿಂದೂರಾಯರು ಕೂಡ ಪುಣೆಯ ಪತ್ರಿಕೆಗಳನ್ನು ಓದಿ ಓದಿ ಒಂದು ಸಭೆ ಕಟ್ಟಿದರು. ಹೆಸರು ಪ್ರಜಾಹಿತ ಸಭೆ. ಕೂಡುವುದು ಅವರದೇ ಮನೆಯ ಪಡಸಾಲೆಯಲ್ಲಿ, ಕೋರ್ಟಿಗೆ ರಜೆಯಿರುವ ಆದಿತ್ಯವಾರ ಮಧ್ಯಾಹ್ನ.

ಕುರ್ಚಿ ಹಾಕಬೇಕೋ ಜಮಖಾನೆ ಹಾಸಬೇಕೋ ಎಂದು ಮೊದಲ ದಿನವೇ ಚರ್ಚೆಯಾಗಿತ್ತಂತೆ. ಕುರ್ಚಿಯಾದರೆ ಯಾರಿಗೆ ಹಾಕುವುದು, ಯಾರಿಗೆ ಬಿಡುವುದು ಎಂಬ ಜಗಳ ಮುಗಿಯುವುದಿಲ್ಲ. "ಜಮಖಾನಿ ಮ್ಯಾಲೆ ಎಲ್ಲಾರೂ ಒಂದ," ಎಂದು ರಾಯರು ತೀರ್ಮಾನ ಹೇಳಿದರು. ಆದರೂ ಅಧ್ಯಕ್ಷರಿಗೆಂದು ಒಂದು ಕುರ್ಚಿ ಬಂದೇ ಬಂತು. ಅಧ್ಯಕ್ಷರು ಹತ್ತಿ ವ್ಯಾಪಾರದ ಗುರುಪಾದಪ್ಪ ಶೆಟ್ಟರು, ತೂಕದ ಆಸಾಮಿ. ಅವರ ಕುರ್ಚಿಯ ನಾಲ್ಕು ಕಾಲುಗಳು ನನ್ನ ನಡು ಪಟ್ಟೆಯಲ್ಲಿ ನಾಲ್ಕು ಕುಳಿ ಮಾಡಿದವು. ಕುರ್ಚಿಯ ಎಡಕ್ಕೆ, ಒಳಗೋಡೆಯ ಕಡೆ, ವಕೀಲರು, ಶಾಲೆಯ ಮಾಸ್ತರರು, ಮಠದ ಭೀಮಾಚಾರ್ಯರು. ಬಲಕ್ಕೆ, ಬಾಗಿಲ ಕಡೆ, ವ್ಯಾಪಾರಸ್ಥರು. ನಡುವೆ ಒಂದು ಮೊಳದಷ್ಟು ಜಾಗವನ್ನು ಯಾರೂ ಹೇಳದೆ ಎಲ್ಲರೂ ಬಿಟ್ಟಿದ್ದರು. ನನ್ನಲ್ಲಿ ಬಣ್ಣ ಸಭೆಯ ಕಡೆಯವರೆಗೂ ಮಾಸದೆ ಉಳಿದದ್ದು ಆ ಒಂದು ಮೊಳದಲ್ಲಿ ಮಾತ್ರ.

ನಾನು ಜನರನ್ನು ಗುರುತಿಸುವುದು ಪಾದದಿಂದ. ರಾಯರ ಪಾದ ತೆಳುವು, ಅವಸರದ್ದು. ಮಾತಿಗೆ ಮೊದಲು ಹೆಬ್ಬೆರಳು ಅಲ್ಲಾಡುತ್ತಿತ್ತು. ಶೆಟ್ಟರ ಪಾದ ಮೆತ್ತಗೆ, ಎಣ್ಣೆ ಹಚ್ಚಿದ್ದು. ಆಚಾರ್ಯರು ಕಾಲು ತೊಳೆದು, ಒರೆಸಿ, ಹಿಮ್ಮಡಿ ಎತ್ತಿ ಎತ್ತಿ ಇಡುತ್ತ ಬರುತ್ತಿದ್ದರು. ನನ್ನನ್ನು ಮನೆಗೆ ತಂದ ದಿನ ಬಾವಿಯ ನೀರು ಚಿಮುಕಿಸಿ ಶುದ್ಧ ಮಾಡಿದ್ದರು. ನೇಯ್ದ ಕೈ ಯಾರದೆಂದು ಆಮೇಲೆ ಯಾರೂ ಕೇಳಲಿಲ್ಲ.

ಸಭೆಗೆ ಒಂದು ಕಟ್ಟಳೆ ಇತ್ತು. ಸಭಾಸದನಾಗಬೇಕಾದವನು ಐವತ್ತು ಜನರಿಂದ, 'ಇವರು ನಮ್ಮ ಪರವಾಗಿ ಮಾತಾಡಬಹುದು' ಎಂದು ಮುಖತ್ಯಾರಪತ್ರ ಬರೆಸಿ ತರಬೇಕು. ಒಳ್ಳೆಯ ಕಟ್ಟಳೆಯೇ. ರಾಯರು ಕೋರ್ಟಿನ ಕಾರಕೂನರಿಂದ ಬರೆಸಿದರು. ಶೆಟ್ಟರು ತಮ್ಮ ಅಡತಿ ಅಂಗಡಿಯ ಹಮಾಲರಿಂದ, ತೂಗುವವರಿಂದ. ಆಚಾರ್ಯರು ಮಠದ ಶಿಷ್ಯರ ಮನೆಗಳಿಂದ. ಐವತ್ತು ಎಲ್ಲರಿಗೂ ತುಂಬಿತು.

ಸಭೆಯ ಮೊದಲ ದೊಡ್ಡ ಕೆಲಸ ಕರಿಗುಡ್ಡದ್ದು. ಜಂಗಲ್ ಖಾತೆಯವರು ಗುಡ್ಡದ ಸುತ್ತ ಕಲ್ಲು ನೆಟ್ಟು, ಒಳಗೆ ದನ ಕುರಿ ಬಿಡಕೂಡದೆಂದು ಡಂಗುರ ಸಾರಿಸಿದ್ದರು. ಸುತ್ತಲಿನ ಹನ್ನೆರಡು ಹಟ್ಟಿಗಳ ಕುರುಬರಿಗೆ ಬೇಸಿಗೆಯಲ್ಲಿ ಬೇರೆ ಹುಲ್ಲೇ ಇಲ್ಲ. ಅವರ ಪರವಾಗಿ ಹಿರಿಯನೊಬ್ಬ ಬಂದು ರಾಯರ ಅಂಗಳದಲ್ಲಿ ನಿಂತ. ಹೆಸರು ಮಾಳಪ್ಪ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು. ಪಡಸಾಲೆಯಿಂದ ನಾನು ಮೊದಲು ನೋಡಿದ್ದು ಅವನ ಪಾದ; ಹಿಮ್ಮಡಿ ಬೇಸಿಗೆಯ ಎರೆಹೊಲದ ಹಾಗೆ ಬಿರಿದಿತ್ತು.

"ಕುರಿ ಹಿಡದು ಕೊಂಡವಾಡಕ್ಕ ಹಾಕಿದ್ರ ದಂಡಾ ಕಟ್ಟಿ ಬಿಡಿಸ್ಕೊಂಡು ಬರಬಹುದು, ರಾಯರ," ಎಂದ. "ಹುಲ್ಲಿಗೆ ಬೇಲಿ ಹಾಕಿದ್ರ ಎಲ್ಲಿಂದ ಬಿಡಿಸ್ಕೊಂಡು ಬರಲಿ? ಯುಗಾದಿಯೊಳಗ ಗುಡ್ಡ ತೆರೀಲಿಲ್ಲಂದ್ರ ಹಟ್ಟಿಗೆ ಹಟ್ಟೀನ ಕಟಕರಿಗೆ ಮಾರಬೇಕಾಗ್ತೈತಿ."

"ಚಿಂತೀ ಬಿಡಪಾ. ಅರ್ಜಿ ಹಾಕ್ತೇವಿ," ಎಂದರು ರಾಯರು.

ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಅವರಿಗೆ ಮೂರು ವಾರ ಹಿಡಿಯಿತು. ಬರೆದದ್ದನ್ನು ಸಭೆಯಲ್ಲಿ ಓದಿದಾಗ, ಅರ್ಥವಾದವರು ನಾಲ್ಕು ಜನ ತಲೆದೂಗಿದರು. ಉಳಿದವರು ಆ ನಾಲ್ವರನ್ನು ನೋಡಿ ತಲೆದೂಗಿದರು. ಇನ್ನೂರ ಹನ್ನೆರಡು ಸಹಿ ಬಿದ್ದವು, ಒಂದಕ್ಕಿಂತ ಒಂದು ದುಂಡಗೆ.

ತಾಲೂಕಿನ ತಪಾಸಣೆಗೆ ಕಲೆಕ್ಟರ್ ಸಾಹೇಬರು ಬಂದು ಊರ ಹೊರಗೆ ಡೇರೆ ಹಾಕಿದಾಗ ಸಭೆಯವರು ಅರ್ಜಿ ಹಿಡಿದು ಹೋದರು. ಅರ್ಧ ತಾಸಿನಲ್ಲಿ ತಿರುಗಿ ಬಂದರು. ಚಪ್ಪಲಿ ಬಿಡುವ ಸದ್ದಿನಿಂದಲೇ ಕೆಲಸ ಕೆಟ್ಟಿದೆಯೆಂದು ನನಗೆ ತಿಳಿಯಿತು. ಸಾಹೇಬರು ಸಹಿಗಳ ಹಾಳೆಯನ್ನು ತಿರುವಿಹಾಕಿ ಒಂದೇ ಮಾತು ಕೇಳಿದ್ದರಂತೆ: "ಈ ಇನ್ನೂರ ಹನ್ನೆರಡು ಜನರಲ್ಲಿ ಕುರಿ ಇದ್ದವರು ಯಾರು?"

ಒಬ್ಬನೂ ಇರಲಿಲ್ಲ. ಕಾರಕೂನರು, ಅಂಗಡಿಯ ಗುಮಾಸ್ತರು, ಮಠದ ಶಿಷ್ಯರು. ಕುರಿಯ ಪರವಾಗಿ ಮಾತಾಡಲು ಕುರಿಯವರನ್ನೇ ಕೇಳಬೇಕೆಂದು ಅಷ್ಟು ಓದಿದ ಮಂದಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇದನ್ನು ನಾನು ಹಂಗಿಸಿ ಹೇಳುತ್ತಿಲ್ಲ. ಸಹಿ ಎಂದರೆ ಬರೆಯಲು ಬರುವವರ ಕೆಲಸ ಎಂದೇ ಅವರು ತಿಳಿದಿದ್ದರು.

ಕುರಿ ಇದ್ದವರ ಹೆಬ್ಬೆಟ್ಟು ಬೇಕೆಂದು ರಾಯರು ಮರುದಿನವೇ ಮಾಳಪ್ಪನಿಗೆ ಹೇಳಿ ಕಳಿಸಿದರು. ಅವನು ಹದಿನೈದು ದಿನ ಹಟ್ಟಿಯಿಂದ ಹಟ್ಟಿಗೆ ನಡೆದು, ಅರವತ್ಮೂರು ಹೆಬ್ಬೆಟ್ಟು ಒತ್ತಿಸಿದ ಮುಖತ್ಯಾರಪತ್ರ ತಂದ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡವರು ಆ ಹಟ್ಟಿಗಳಲ್ಲಿ ಬಹಳ ಜನ. ಅಂಥವರಿಂದ ಅರವತ್ಮೂರು ತರುವುದು ಸಣ್ಣ ಮಾತಲ್ಲ.

"ಇಲ್ಲಿ ಕೊಡಪಾ," ಎಂದು ರಾಯರು ಪಡಸಾಲೆಯಿಂದಲೇ ಕೈ ಚಾಚಿದರು.

ಮಾಳಪ್ಪ ಅಂಗಳದಲ್ಲೇ ನಿಂತು, "ಒಂದು ಮಾತು ಕೇಳಲೇನ್ರಿ?" ಎಂದ. "ಐವತ್ತು ಮಂದೀದು ಬರಿಸ್ಕೊಂಡು ಬಂದಂವ ಸಭಾದೊಳಗಿನವ ಅಂತೀರಿ. ನಾ ಅರವತ್ಮೂರು ತಂದೀನಿ. ಸಭಾ ಒಳಗ ನಡದೈತಿ. ನಾ ಹೊರಗ ನಿಂತೀನಿ."

ಕಟ್ಟಳೆ ಬರೆದವರು ಒಳಗೆ ಕೂತವರೇ. ಬಾಗಿಲ ಕಡೆಯವರು ಗೋಡೆಯ ಕಡೆ ನೋಡಿದರು. ಗೋಡೆಯ ಕಡೆಯವರು ಬಾಗಿಲ ಕಡೆ. ಅವನು ಯಾರ ಪಕ್ಕದಲ್ಲಿ ಕೂಡಬೇಕು?

"ಈ ಕಡೆ ಜಾಗಾ ಎಲ್ಲೈತಿ?" ಎಂದರು ಶೆಟ್ಟರು ಕುರ್ಚಿಯಿಂದ. ನನ್ನ ಬಲ ಪಕ್ಕದಲ್ಲಿ ಎಂಟು ಜನ ಕೂಡುವಷ್ಟು ಜಾಗವಿತ್ತು.

ಭೀಮಾಚಾರ್ಯರು ಗಂಟಲು ಸರಿಮಾಡಿಕೊಂಡರು. "ಹತ್ತಿ ಅರಿವಿಗೆ ಮೈಲಿಗಿ ತಟ್ಟತದ. ಒಂದ ಹಾಸಿಗಿ ಮ್ಯಾಲೆ ಕೂತು ನಾ ಮತ್ತ ಸಂಧ್ಯಾವಂದನಕ್ಕ ಹೋಗಬೇಕು. ನಾ ಏನು ಅವನ್ನ ಹೀಯಾಳಿಸ್ಲಿಕ್ಕೆ ಹೇಳ್ತಿಲ್ಲ, ಇದ್ದದ್ದು ಹೇಳ್ತೇನಿ."

ಶೆಟ್ಟರ ಕಡೆಯವರು ಅದೇ ಹತ್ತಿಯ ಮೇಲೆ ಕೂತು ಆರು ತಿಂಗಳಾಗಿತ್ತು. ಆಗ ಈ ಮಾತು ಹೊರಟಿರಲಿಲ್ಲ. ಸಭೆಯ ಕಾಗದ, ಶಾಯಿ, ಫಲಾಹಾರ ಎಲ್ಲ ಶೆಟ್ಟರ ಕಡೆಯಿಂದ ಬರುತ್ತಿತ್ತು. ಉಪಕಾರವಾಗುವ ಕಡೆ ಶಾಸ್ತ್ರ ಸ್ವಲ್ಪ ನಿದ್ದೆ ಮಾಡುತ್ತದೆ.

ಆಗ ನಡುಮನೆಯ ಬಾಗಿಲ ಹಿಂದಿನಿಂದ ಬಳೆ ಸದ್ದಾಯಿತು. ರಾಯರ ಹೆಂಡತಿ ತುಂಗಾಬಾಯಿ ಸಭೆಯ ಎದುರು ಬರುತ್ತಿರಲಿಲ್ಲ, ಆದರೆ ಒಂದು ಮಾತೂ ಬಿಡದೆ ಕೇಳುತ್ತಿದ್ದಳು.

"ಇಲ್ಲಿ ಕೇಳ್ರಿ," ಎಂದು ಗಂಡನನ್ನು ಕರೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಉಣ್ಣಿಗೆ ಮೈಲಿಗಿ ಇಲ್ಲ ಅಂತ ಆಚಾರ್ರ ಹೋದ ಶ್ರಾವಣದಾಗ ಪುರಾಣದೊಳಗ ಹೇಳ್ಯಾರ. ಕಂಬಳಿ ಅವನ ಹೆಗಲ ಮ್ಯಾಲನ ಅದ. ಹಾಸ್ಕೊಂಡು ಕೂಡಲಿ, ಅದಕ್ಕೇನು?"

ಯಾರೋ ಕಿಸಕ್ಕನೆ ನಕ್ಕರು. ಆಚಾರ್ಯರು, "ಹೌದು. ಉಣ್ಣಿಗೆ ದೋಷ ಇಲ್ಲ," ಎಂದರು. ಒಪ್ಪುವಾಗ ಅವರ ಹಿಮ್ಮಡಿ ನನ್ನ ಮೇಲೆ ಬಿಗಿಯಾಗಿ ಊರಿತ್ತು, ಆದರೂ ಒಪ್ಪಿದರು.

ಮಾಳಪ್ಪ ಕಾಲು ತೊಳೆದು ಒಳಗೆ ಬಂದ. ಕಂಬಳಿಯನ್ನು ಕೊಡವಲಿಲ್ಲ, ಎರಡೂ ಕೈಯಿಂದ ಹರವಿ ನನ್ನ ಮೇಲೆ ಹಾಸಿದ. ಎರಡೂ ಕಡೆಯವರು ಖಾಲಿ ಬಿಟ್ಟಿದ್ದ ಆ ಒಂದು ಮೊಳದ ಮೇಲೆಯೇ ಅದು ಬಿತ್ತು. ಒರಟು ಕಂಬಳಿ, ಮಳೆ ಮತ್ತು ಕುರಿಯ ವಾಸನೆ. ಅದು ಬಹಳ ಊರು ಸುತ್ತಿದ್ದು. ನಾನು ಆತನಕ ನೋಡಿದ್ದು ಒಂದು ಮಗ್ಗ, ಒಂದು ಪಡಸಾಲೆ.

ಮಾಳಪ್ಪ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮುಖತ್ಯಾರಪತ್ರವನ್ನು ಮಡಿಲಲ್ಲೇ ಇಟ್ಟುಕೊಂಡ.

"ಈಗರೆ ಕೊಡ್ತೀ ಏನು?" ಎಂದರು ರಾಯರು.

"ಕೊಡ್ತೀನ್ರಿ. ನಮ್ಮ ಮಂದಿ ಒಂದು ಮಾತು ಹೇಳಿ ಕಳಿಸ್ಯಾರ, ಅದಿಷ್ಟು ಹೇಳ್ತೀನಿ. ನಿಮಗ ನಮ್ಮವು ಅರವತ್ಮೂರು ಹೆಬ್ಬೆಟ್ಟು ಬಂದುವು. ನಾಳೆ ಜಂಗಲ್ ಖಾತೇದವ ಈ ಹಾಳಿ ನೋಡಿ ಒಬ್ಬೊಬ್ಬರ ಹಟ್ಟೀನೂ ಹುಡುಕ್ಕೋಂತ ಬರ್ತಾನ. ನಿಮ್ಮನ್ನ ಹುಡುಕ್ಕೋಂತ ಯಾರೂ ಬರಂಗಿಲ್ಲ. ಹಂಗಾದ್ರ ನಮಗ ನಿಮ್ಮದೇನು ಬಂತು?"

"ನಮ್ಮ ಸಹಿ ಅದಾವಲ್ಲೋ!"

"ಸಹಿ ಓದಾಕ ನಮಗ ಬರಂಗಿಲ್ಲಲ್ರಿ." ಮಾಳಪ್ಪ ಕಂಬಳಿಯನ್ನು ತಟ್ಟಿದ. "ನಮ್ಮಲ್ಲಿ ಕಂಬಳಿ ಹಾಸಿದ್ರ ಅದು ಗದ್ದಿಗಿ. ಅದರ ಮ್ಯಾಲ ಕೂತು ಆಡಿದ್ದ ಮಾತಿಗೆ ಎರಡಿಲ್ಲ. ಒಬ್ಬೊಬ್ಬರ ಬಂದು ಇದರ ಮ್ಯಾಲ ಕೂತು ಹೇಳ್ರಿ, ಗುಡ್ಡದ ಮಾತು ಮುಗಿಯೂತನಕ ನಡುವ ಕೈ ಬಿಡಂಗಿಲ್ಲ ಅಂತ. ಮೈಲಿಗಿ ಇಲ್ಲಂತ ನೀವ ಹೇಳೀರಿ."

ಭೀಮಾಚಾರ್ಯರು ಎದ್ದರು. ಹೊರಟೇಬಿಟ್ಟರು ಎಂದುಕೊಂಡೆ. ನನ್ನ ಅಂಚಿನವರೆಗೆ ನಡೆದು, ಹೆಗಲ ಮೇಲಿನ ಉಪರಣ ಸರಿಮಾಡಿಕೊಂಡು, ತಿರುಗಿ ಬಂದು ಕಂಬಳಿಯ ತುದಿಯಲ್ಲಿ ಕೂತರು. "ಹೇಳಿದ ಶಾಸ್ತ್ರಕ್ಕ ನಾನ ಹಿಂದ ಸರದ್ರ ನಾಳೆ ನನ್ನ ಪುರಾಣ ಯಾರು ಕೇಳ್ತಾರ? ಗುಡ್ಡದ ಮಾತು ಮುಗಿಯೂತನಕ ಕೈ ಬಿಡಂಗಿಲ್ಲ," ಎಂದರು. ಅವರಾದ ಮೇಲೆ ರಾಯರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಕೊನೆಗೆ ಶೆಟ್ಟರು ಕುರ್ಚಿಯಿಂದ ಇಳಿದು, ಮೊಣಕಾಲು ಹಿಡಿದುಕೊಂಡು, ನಗುತ್ತ ಕೂತು, ನಗುತ್ತಲೇ ಮಾತು ಕೊಟ್ಟರು. ಮಾಳಪ್ಪ ಕಾಗದ ಕೊಟ್ಟ.

ಹೆಬ್ಬೆಟ್ಟುಗಳ ಹಾಳೆ ಸೇರಿಸಿದ ಅರ್ಜಿಯೊಡನೆ ಎರಡನೆಯ ಸಲ ಸಾಹೇಬರ ಡೇರೆಗೆ ಹೋದಾಗ ನನ್ನನ್ನೂ ಚಕ್ಕಡಿಯಲ್ಲಿ ಹಾಕಿಕೊಂಡು ಹೋದರು. ಡೇರೆಯ ಹೊರಗೆ ಬೇವಿನ ಮರದ ಕೆಳಗೆ ಹಾಸಿದರು. ಮಾಳಪ್ಪ ತನ್ನ ಕಂಬಳಿ ಹಾಸಿ ಕೂತ. ಒಳಗಿನಿಂದ ಶೆಟ್ಟರಿಗೆ ಮಾತ್ರ ಕರೆ ಬಂತು. ಬಹಳ ಹೊತ್ತಾದ ಮೇಲೆ ಹೊರಬಂದ ಅವರ ನಡಿಗೆ ಹಗುರಾಗಿತ್ತು.

"ಕೆಲಸಾತು ಅನ್ನರಿ," ಎಂದರು. "ಊರ ಮಗ್ಗಲ ತಪ್ಪಲಾ ತೆರೀತಾರಂತ. ಅಲ್ಲಿ ಹುಲ್ಲು ಕೊಯ್ಯೋ ಗುತ್ತಿಗಿ ನಮ್ಮ ಸಭಾಕ್ಕ. ತಾಲೂಕು ಕಮಿಟಿಯೊಳಗ ಸಭಾದವರಿಗೆ ಒಂದು ಜಾಗಾ. ಇದೊಂದು ಅರ್ಜಿ ಅಷ್ಟ ಹಿಂದಕ್ಕ ತಗೋಬೇಕು."

"ಮತ್ತ ಗುಡ್ಡ?" ಎಂದರು ಆಚಾರ್ಯರು.

"ಗುಡ್ಡ ಮುಂದ ನೋಡೋಣಂತ."

ರಾಯರ ಹೆಬ್ಬೆರಳು ನನ್ನ ಮೇಲೆ ಅಲ್ಲಾಡತೊಡಗಿತು. ಸರಕಾರ ತಮ್ಮ ಸಭೆಯನ್ನು ಸಭೆಯೆಂದು ಗುರುತಿಸಬೇಕೆಂಬುದು ಅವರ ಬಹಳ ದಿನದ ಆಸೆ. ಅದು ಈಗ ಕೈಗೆ ಬಂದಿತ್ತು. ಬೇಡವೆಂದರೆ ಮತ್ತೆ ಬರುವ ಹಾಗಿರಲಿಲ್ಲ. "ಕಮಿಟಿಯೊಳಗ ಕೂತ್ರ ಗುಡ್ಡದ ಮಾತೂ ಆಡಬಹುದು..." ಎಂದು ಶುರುಮಾಡಿ, ಮಾಳಪ್ಪನನ್ನು ನೋಡಿ ನಿಲ್ಲಿಸಿದರು. ಮಾಳಪ್ಪ ಕಂಬಳಿಗೆ ಅಂಟಿದ ಮುಳ್ಳುಕಾಯಿಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಯುಗಾದಿಗೆ ಇನ್ನು ಹನ್ನೊಂದು ದಿನ.

"ಶೆಟ್ಟರ," ಎಂದರು ಆಚಾರ್ಯರು. "ನೀವು ಕಂಬಳಿ ಮ್ಯಾಲೆ ಕೂತದ್ದು ನಾ ನೋಡೇನಿ."

"ಅಯ್ಯ, ಆಚಾರ್ರ, ಅದೇನು ಗರ್ಭಗುಡೀ ಏನ್ರಿ? ಕುರೀ ಕೂದಲಾ!"

"ಕೂದಲಾ ಕುರೀದು. ಮಾತು ನಮ್ಮದಲ್ಲೇನು? ಹಗಲೆಲ್ಲಾ ಮಡಿ ಮಡಿ ಅಂತ ಹಾರ್ಯಾಡ್ತೇನಿ ನಾ. ಕೊಟ್ಟ ಮಾತು ತಿಂದು ಮನೀಗೆ ಹೋದ್ರ ಯಾವ ಬಾವೀ ನೀರೊಳಗ ಸ್ನಾನಾ ಮಾಡಲಿ? ಹೇಳ್ರಿ."

ಶೆಟ್ಟರು ರಾಯರ ಕಡೆ ತಿರುಗಿದರು. ರಾಯರ ಹೆಬ್ಬೆರಳು ನಿಂತಿತು. "ಅರ್ಜಿ ಹಿಂದ ತಗೊಳ್ಳೂದಿಲ್ಲ," ಎಂದರು. ದನಿ ಗಟ್ಟಿಯಾಗಿರಲಿಲ್ಲ, ಆದರೆ ಮಾತನ್ನು ಪೂರ್ತಿ ಹೇಳಿದರು.

ಶೆಟ್ಟರು ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರ ಹಿಂದೆ ಹನ್ನೊಂದು ಜನ ಹೋದರು. ಮರುದಿನ ಅವರ ಮನೆಯ ಆಳು ಬಂದು ಪಡಸಾಲೆಯಿಂದ ಕುರ್ಚಿಯನ್ನೂ ಒಯ್ದ.

ಅರ್ಜಿಗೆ ಉತ್ತರ ಯುಗಾದಿಯೊಳಗೆ ಬರಲಿಲ್ಲ. ಯುಗಾದಿಯಾಗಿ ಎರಡು ತಿಂಗಳಿಗೆ ಬಂತು. ಅಷ್ಟರಲ್ಲಿ ಹನ್ನೆರಡು ಹಟ್ಟಿಗಳಲ್ಲಿ ಐದು ಖಾಲಿಯಾಗಿದ್ದವು. ಕುರಿ ಮಾರಿ ಜನ ಗಿರಣಿ ಕೆಲಸಕ್ಕೆ, ರೈಲು ದಾರಿಯ ಮಣ್ಣು ಹೊರಲು ಹೋಗಿದ್ದರು. ರಾಯರು ಹುಕುಮನ್ನು ಓದಿ ಮಾಳಪ್ಪನಿಗೆ ಕನ್ನಡದಲ್ಲಿ ಹೇಳಿದರು: ಗುಡ್ಡದ ತೆಂಕಣ ಇಳಿಜಾರಿನಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಕುರಿ ಮೇಯಿಸಬಹುದು. ಆಡು ಎಲ್ಲಿಯೂ ಬಿಡಕೂಡದು.

"ಆಡು ಯಾಕ ಬ್ಯಾಡಂತ್ರಿ?"

"ಅವು ಗಿಡಾನ ತಿಂತಾವಂತ."

"ನನ್ನ ಹೇಣ್ತಿಯವು ಇಪ್ಪತ್ತು ಆಡು ಅದಾವು. ಮಕ್ಕಳಿಗೆ ಹಾಲು ಅವುಗಳದ್ದ." ಮಾಳಪ್ಪ ಕೋಲು ಎತ್ತಿಕೊಂಡು, "ಅಕೀಗೆ ನೀವ ಹೇಳ್ರಿ, ರಾಯರ. ನನಗ ಧೈರ್ಯ ಇಲ್ಲ," ಎಂದ. ಎಲ್ಲರೂ ನಕ್ಕರು, ಅವನೂ ನಕ್ಕ. ಆಡುಗಳನ್ನು ಆ ವಾರವೇ ಮಾರಿದರೆಂದು ಆಮೇಲೆ ಕೇಳಿದೆ.

ಶೆಟ್ಟರು ಹೋದ ಮೇಲೆ ಸಭೆ ಬಡವಾಯಿತು. ಫಲಾಹಾರ ನಿಂತಿತು; ಫಲಾಹಾರಕ್ಕೆಂದು ಬರುತ್ತಿದ್ದವರೂ ನಿಂತರು. ಹನ್ನೆರಡು ಹದಿಮೂರು ಜನ ಉಳಿದರು. ಮಾಳಪ್ಪ ತಿಂಗಳಿಗೊಮ್ಮೆ ಬಂದು ಹಟ್ಟಿಗಳ ಸುದ್ದಿ ಹೇಳುತ್ತಿದ್ದ: ಕೊಂಡವಾಡದ ದಂಡ, ಬಾವಿಯ ಜಗಳ, ಬಿಟ್ಟಿ ಕೆಲಸ. ರಾಯರು ಬರೆದುಕೊಳ್ಳುತ್ತಿದ್ದರು, ಈಗ ಮೊದಲು ಕನ್ನಡದಲ್ಲಿ. ಬರೆದದ್ದನ್ನು ಅವನಿಗೆ ಓದಿ ಹೇಳಿ, "ಸರಿ ಅದ ಏನು?" ಎಂದು ಕೇಳಿ, ಆಮೇಲೆ ಇಂಗ್ಲಿಷಿಗೆ ಇಳಿಸುತ್ತಿದ್ದರು. ಒಂದು ಬಿರುಬೇಸಿಗೆಯ ಮಧ್ಯಾಹ್ನ ಮಾಳಪ್ಪ ಕಂಬಳಿಯಿಲ್ಲದೆ ಬಂದ. ಬಂದವನು ಬರಿದೇ ನನ್ನ ಮೇಲೆ ಕೂತು, ಮಾತು ಶುರುಮಾಡಿದ. ಆಚಾರ್ಯರು ಎರಡು ಮಾರು ದೂರದಲ್ಲಿದ್ದರು. ಗಮನಿಸಲಿಲ್ಲವೋ, ಗಮನಿಸಿ ಸುಮ್ಮನಿದ್ದರೋ, ಪಾದ ನೋಡಿ ಹೇಳುವುದು ಕಷ್ಟ. ಎದ್ದು ಹೋಗಲಿಲ್ಲ, ಅಷ್ಟು ನಿಜ.

ರಾಯರು ಇದ್ದಷ್ಟು ದಿನ ಸಭೆ ಇತ್ತು. ಅವರು ತೀರಿಕೊಂಡ ಮೇಲೆ ತುಂಗಾಬಾಯಿ ನನ್ನನ್ನು ಹೆಣ್ಣುಮಕ್ಕಳ ಶಾಲೆಗೆ ಕೊಟ್ಟಳು. ಅಲ್ಲಿ ಇಪ್ಪತ್ತು ವರ್ಷ ಶಾಯಿ ಕುಡಿದೆ. ಶಾಲೆಗೆ ಬೆಂಚು ಬಂದವು. ನಾನು ಊರ ವಾಚನಾಲಯಕ್ಕೆ ಹೋದೆ. ಅಲ್ಲಿಯೂ ಬೆಂಚು ಬಂದವು. ಈಗ ವಾಚನಾಲಯದ ಹಿಂದಿನ ಕೋಣೆಯಲ್ಲಿ, ಹಳೆಯ ಪತ್ರಿಕೆಗಳ ಗಂಟುಗಳ ಕೆಳಗೆ ಮಡಿಸಿ ಇಟ್ಟಿದ್ದಾರೆ. ಒಂದು ಅಂಚನ್ನು ಇಲಿ ತಿಂದಿದೆ. ಮೇಲಿನ ಭಾರಕ್ಕೆ ಬೇಸರವಿಲ್ಲ. ಭಾರ ಹೊರುವುದೇ ನನ್ನ ಕಸುಬು.

ಪಕ್ಕದ ಕೋಣೆಯಲ್ಲಿ ಹುಡುಗರು ಕೂತು ಸಭೆ, ಠರಾವು, ಹಕ್ಕು ಎಂದು ಜೋರಾಗಿ ವಾದಿಸುವುದು ಕೇಳುತ್ತದೆ. ಮೊದಮೊದಲಿನ ಆ ಸಭೆಗಳಿಂದ ಆದದ್ದೇನು, ಬರೀ ಅರ್ಜಿ ಬರೆದರು ಎಂದು ಒಬ್ಬ ಮೊನ್ನೆ ನಕ್ಕ. ನಗಲಿ. ನಾನು ಕಂಡದ್ದನ್ನು ಮಾತ್ರ ಹೇಳಬಲ್ಲೆ. ಬೆಳವನಹಾಳದಲ್ಲಿ ಐದು ಹಟ್ಟಿಗಳು ಹೋದವು, ತಿರುಗಿ ಬರಲಿಲ್ಲ. ಆಡುಗಳು ಹೋದವು. ಕಮಿಟಿಯ ಜಾಗ ಶೆಟ್ಟರ ಮನೆತನಕ್ಕೆ ಸಿಕ್ಕಿತು. ಏಳು ಹಟ್ಟಿಗಳು ಉಳಿದವು. ತೆಂಕಣ ಇಳಿಜಾರಿನಲ್ಲಿ ಇವತ್ತಿಗೂ ವರ್ಷಕ್ಕೆ ನಾಲ್ಕು ತಿಂಗಳು ಕುರಿ ಮೇಯುತ್ತವೆ.